ಬಾಡಿಗೆ ಮನೆಗೆ ಕಲ್ಲಿನ ಬೋರ್ಡು

ಶರಣಪ್ಪ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಶಹಾಬಾದಿನಿಂದ ಚಿತ್ತಾಪುರಕ್ಕೆ ಬಸ್ಸಿನಲ್ಲಿ ಒಂದು ಕಲ್ಲು ತಂದೆವು. ಆ ದಿನದ ವಿಶೇಷ ಅಷ್ಟೇ. ಬಿಸಿಲು ಎಂದಿನಷ್ಟೇ ಇತ್ತು, ಬಸ್ಸು ಎಂದಿನಂತೆ ತಡವಾಗಿ ಬಂತು, ವಾಡಿಯಲ್ಲಿ ಎಂದಿನಂತೆ ಅರ್ಧ ಬಸ್ಸು ಇಳಿದು ಅದಕ್ಕಿಂತ ಹೆಚ್ಚು ಜನ ಹತ್ತಿದರು. ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಹಗ್ಗ ಬಿಗಿದು, ಡ್ರೈವರನ ಹಿಂದಿನ ಸೀಟಿನ ಪಕ್ಕ ನಿಲ್ಲಿಸಿದ್ದೆವು. ಶರಣಪ್ಪ ಅದರ ಮೇಲೆ ಒಂದು ಕೈ ಇಟ್ಟುಕೊಂಡು, ಮಗನಿಗೆ ಹೆಣ್ಣು ನೋಡಿ ಬಂದವನ ಹಾಗೆ ಕುಳಿತಿದ್ದ.

ಕಂಡಕ್ಟರ್ ಬಂದ. "ಇದೇನ್ರಿ ಯಜಮಾನ್ರ?"

"ಬೋರ್ಡ್ ಅದ," ಅಂದ ಶರಣಪ್ಪ.

"ಬೋರ್ಡ್ ಬಸ್ಸಿನ ಮುಂದ ಇರ್ತದರಿ. ಒಳಗ ಬಂದ್ರ ಅದು ಲಗೇಜ್."

"ಓದಿ ನೋಡು ತಮ್ಮಾ. ಓದಿದ ಮ್ಯಾಲೂ ಲಗೇಜ್ ಅನಿಸಿದ್ರ ಚೀಟಿ ಹರಿ."

ಆ ಹುಡುಗ ನಿಜವಾಗಿಯೂ ಬಗ್ಗಿ ಚೀಲ ಸರಿಸಿ, ಇಡೀ ಬಸ್ಸಿಗೆ ಕೇಳುವಂತೆ ಓದಿದ. ಕಲ್ಲಿನಲ್ಲಿ ನಾಲ್ಕು ಸಾಲು ಕೊರೆಸಿದ್ದೆವು. ಮೊದಲನೆಯದು, 'ಊರ ದುರಸ್ತಿ ಮನೆ'. ಎರಡನೆಯದು, 'ಇಲ್ಲಿಯ ಹತಾರ ಎಲ್ಲರವು'. ಮೂರನೆಯದು, 'ಮುಂಜಾನೆ ಹತ್ತರಿಂದ ಸಂಜೆ ಆರು'. ಕೊನೆಯದು, 'ಗರಗಸ ಹದ ಮಾಡಿ ಕೊಡಲಾಗುವುದು'.

ಕಿಟಕಿಯ ಪಕ್ಕದ ಮುದುಕಿಯೊಬ್ಬಳು, "ಯಪ್ಪಾ, ನಮ್ಮ ಮನ್ಯಾಗೂ ಒಂದು ಅದ. ಹಲ್ಲೆಲ್ಲಾ ಹೋಗ್ಯಾವ," ಅಂದಳು.

"ಗರಗಸದ್ದಾ, ಯಜಮಾನರದಾ?" ಅಂದ ಶರಣಪ್ಪ.

ಬಸ್ಸು ನಕ್ಕಿತು. ಮುದುಕಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಕಂಡಕ್ಟರ್ ನಗುತ್ತಲೇ ಲಗೇಜಿನ ಚೀಟಿ ಹರಿದ.

ಚಿತ್ತಾಪುರದಲ್ಲಿ ಇಳಿದು, ಕಲ್ಲನ್ನು ದುರಸ್ತಿ ಮನೆಯೊಳಗೆ ಇಟ್ಟು, ಓಣಿಯ ತಿರುವಿನವರೆಗೆ ಒಟ್ಟಿಗೆ ನಡೆದೆವು. ಅಲ್ಲಿ ಅವನ ದಾರಿ ಎಡಕ್ಕೆ, ನನ್ನದು ಬಲಕ್ಕೆ. "ಮಲ್ಯಾ, ನಾಳಿ ಹತ್ತಕ್ಕ ಬಾ. ಡ್ರಿಲ್ ಮಷಿನ್ ತರಸೀನಿ. ಕಲ್ಲು ಕೂಡ್ಸಿಬಿಡಾಣ. ನಿನ್ನ ಹತ್ತು ಅಂದ್ರ ಹನ್ನೊಂದು ಆಗಬಾರದು," ಅಂದ.

"ನೋಡಾಣ," ಅಂದೆ ನಾನು.

ಮರುದಿನ ಬೆಳಕು ಹರಿಯುವ ಮೊದಲು ಅವನಿಗೆ ಎದೆ ನೋವು ಬಂತು. ಕಲಬುರಗಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಹೋಗಿಬಿಟ್ಟ. ನಲವತ್ತು ವರ್ಷದ ಗೆಳೆಯನಿಗೆ ನಾನು ಆಡಿದ ಕೊನೆಯ ಮಾತು 'ನೋಡಾಣ' ಎಂಬುದು. ಕೆಟ್ಟ ಮಾತೇನಲ್ಲ. ಒಳ್ಳೆಯದೂ ಅಲ್ಲ.

ಬಾಡಿಗೆ ಕಟ್ಟಡಕ್ಕೆ ಯಾರಾದರೂ ಕಲ್ಲಿನ ಬೋರ್ಡು ಮಾಡಿಸುತ್ತಾರೆಯೇ ಎಂದು ನೀವು ಕೇಳಬಹುದು. ಬೇರೆ ಊರಿನವರು ಮಾಡಿಸಲಿಕ್ಕಿಲ್ಲ. ತಗಡಿನ ಮೇಲೆ ಬರೆಸುತ್ತಾರೆ, ಇಲ್ಲವೇ ಫ್ಲೆಕ್ಸ್ ಹೊಡೆಸುತ್ತಾರೆ. ನಮ್ಮ ಕಡೆ ಕಥೆಯೇ ಬೇರೆ. ನಾವು ಹುಟ್ಟಿದ ಕೋಣೆಯ ನೆಲ ಫರಸಿ ಎಂಬ ಚಪ್ಪಟೆ ಕಲ್ಲು, ಮಾಡು ಫರಸಿ, ಅಡುಗೆ ಕಟ್ಟೆ ಫರಸಿ, ಬಟ್ಟೆ ಒಗೆಯುವುದು ಫರಸಿಯ ಮೇಲೆ, ಹರಟೆಗೆ ಕೂರುವುದು ಫರಸಿಯ ಮೇಲೆ. ನನ್ನವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ಕಳೆದಾಗ ಒಂದು ಫರಸಿ ತುಂಡನ್ನೇ ಮುಚ್ಚಿ ಇಟ್ಟಳು. ಆ ಮೇಲೆ ಮುಚ್ಚಳ ಸಿಕ್ಕರೂ ಅದನ್ನು ಬಳಸಲಿಲ್ಲ. ಹೀಗಿರುವಾಗ ನಮಗೆ ಬೋರ್ಡು ಎಂದರೆ ಕಲ್ಲೇ ಮೊದಲು ನೆನಪಾಗುತ್ತದೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಕಲ್ಲು ಇನ್ನೂರು ವರ್ಷ ಬಾಳುವಂಥದ್ದು ಎಂಬ ಲೆಕ್ಕ ನಮ್ಮಿಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಬೋರ್ಡಿನ ವಿಷಯದಲ್ಲಿ ನನಗಾದರೂ ಹೊಳೆಯಬೇಕಿತ್ತು. ನಾನು ಸರಕಾರಿ ಹೈಸ್ಕೂಲಿನಲ್ಲಿ ಜವಾನನಾಗಿ ನಿವೃತ್ತನಾದವನು. ಗಂಟೆ ಹೊಡೆಯುವುದು, ನೀರು ತುಂಬುವುದು, ಬೋರ್ಡು ತೂಗು ಹಾಕುವುದು ಇವೇ ನನ್ನ ಜೀವಮಾನದ ಕೆಲಸ. ಒಮ್ಮೆ ಸುಣ್ಣ ಬಳಿದ ಮೇಲೆ ಎಲ್ಲ ಬೋರ್ಡು ಮತ್ತೆ ಹಾಕುವಾಗ 'ಮುಖ್ಯ ಗುರುಗಳು' ಎಂಬುದನ್ನು ಸಾಮಾನಿನ ಕೋಣೆಯ ಬಾಗಿಲಿಗೆ ಹಾಕಿದ್ದೆ. ತಪಾಸಣೆಗೆ ಬಂದ ಸಾಹೇಬರು ಬಾಗಿಲು ತಳ್ಳಿ ಒಳಗೆ ಹೋಗಿ, ಮುರಿದ ಬೆಂಚುಗಳ ನಡುವೆ ನಿಂತು, "ಯಾರಿದ್ದೀರಿ?" ಎಂದು ಕೇಳಿದರು. ನಾನು ಹೊರಗಿನಿಂದ, "ಸಾಹೇಬ್ರ, ನಾ ಇದ್ದೀನ್ರಿ," ಅಂದೆ. ಇದನ್ನು ಶರಣಪ್ಪ ಊರಿಗೆಲ್ಲ ಹೇಳಿದ್ದ. ನನ್ನ ಮಗಳ ಮದುವೆಯಲ್ಲಿ ಬೀಗರಿಗೂ ಹೇಳಿದ.

ಬೋರ್ಡಿನ ಮೇಲಿನ ನಂಬಿಕೆ ನನಗೆ ಚಿಕ್ಕಂದಿನಲ್ಲೇ ಬಂದದ್ದು. ಆರು ವರ್ಷದವನಿದ್ದಾಗ ಅವ್ವ ನನ್ನನ್ನು ಸೇಡಂ ಕಡೆಯ ಸೋದರಮಾವನ ಊರಿಗೆ ಕರೆದೊಯ್ಯುತ್ತಿದ್ದಳು. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಅವ್ವ ನೀರು ತರಲು ಹೋಗುವಾಗ ಹಳದಿ ಬೋರ್ಡಿನ ಕಂಬದ ಕೆಳಗೆ ನನ್ನನ್ನು ನಿಲ್ಲಿಸಿ, "ಇಲ್ಲೇ ನಿಂದ್ರು, ಅಳ್ಳಾಡಬ್ಯಾಡ. ಬೋರ್ಡ್ ಎಲ್ಲಿಗೂ ಹೋಗಂಗಿಲ್ಲ, ನೀನೂ ಹೋಗಬ್ಯಾಡ," ಅಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅದರ ಮೇಲೆ ಏನು ಬರೆದಿದೆ ಎಂಬುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ನಾನು ನಿಂತೆ. ಎರಡು ಗಾಡಿ ಬಂದು ಹೋದವು. ಅವಳು ತಂಬಿಗೆ ಹಿಡಿದು ನೇರವಾಗಿ ಬೋರ್ಡಿನ ಬಳಿಗೆ ಬಂದಳು. ಅಂದಿನಿಂದ ಬೋರ್ಡು ಎಂದರೆ ನಂಬಬಹುದಾದ ವಸ್ತು ಎಂದೇ ನನ್ನ ತಿಳಿವಳಿಕೆ.

ದುರಸ್ತಿ ಮನೆ ಶರಣಪ್ಪನ ವಿಚಾರ. ಅವನು ಬಡಿಗ. ವಾಡಿಯ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕಟ್ಟಿಗೆ ಕೆಲಸ ಮಾಡಿ ಬಿಟ್ಟು ಬಂದವನು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಓಣಿಯವರನ್ನು ಕೂಡಿಸಿ, ಹಳೆ ಬಜಾರಿನ ಹಿಂದೆ ತೊಗರಿ ತುಂಬುತ್ತಿದ್ದ ಒಂದು ಗೋದಾಮನ್ನು ಬಾಡಿಗೆಗೆ ಹಿಡಿದ. ತನ್ನ ಹತಾರಗಳನ್ನೆಲ್ಲ ಅಲ್ಲಿ ತಂದಿಟ್ಟ. ಇನ್ನೂ ಕೆಲವರು ತಮ್ಮಲ್ಲಿ ಬಿದ್ದಿದ್ದ ಸುತ್ತಿಗೆ, ಪಾನಾ, ಇಕ್ಕಳ ಕೊಟ್ಟರು. ಯಾರಾದರೂ ಬರಬಹುದು. ಮುರಿದ ಕುರ್ಚಿ, ಹರಿದ ಮಂಚದ ಪಟ್ಟಿ, ಕುಡಗೋಲಿನ ಹಿಡಿ ಏನಾದರೂ ತರಬಹುದು. ಆದರೆ ತಂದವರೇ ಕುಳಿತು ದುರಸ್ತಿ ಮಾಡಿಕೊಳ್ಳಬೇಕು. ಶರಣಪ್ಪ ಪಕ್ಕದಲ್ಲಿ ನಿಂತು ತೋರಿಸುತ್ತಿದ್ದ, ಬೈಯುತ್ತಿದ್ದ. "ಮೊಳಿಗಿ ಹೊಡಿ ಮಾರಾಯಾ, ಅದರ ಸುತ್ತಮುತ್ತ ಯಾಕ ಹೊಡೀಲಿಕತ್ತಿ?" ಅನ್ನುತ್ತಿದ್ದ.

ಗರಗಸವೊಂದನ್ನು ಮಾತ್ರ ಅವನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಲ್ಲು ಚೂಪು ಮಾಡಿ, ಆ ಮೇಲೆ ಒಂದನ್ನು ತುಸು ಎಡಕ್ಕೆ, ಮುಂದಿನದನ್ನು ತುಸು ಬಲಕ್ಕೆ ಬಾಗಿಸಬೇಕು. ಕಡಿಮೆಯಾದರೆ ಗರಗಸ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಸೊಟ್ಟ ಓಡುತ್ತದೆ. ಅವನು ಹೆಬ್ಬೆರಳನ್ನು ಹಲ್ಲುಗಳ ಮೇಲೆ ಮೆಲ್ಲಗೆ ಎಳೆದು, ಕಣ್ಣು ಮುಚ್ಚಿ, "ಬಂತು," ಅನ್ನುತ್ತಿದ್ದ. ಏನು ಬಂತು, ಎಲ್ಲಿಂದ ಬಂತು, ನನಗೆ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದೆ.

ಶಹಾಬಾದಿನಲ್ಲಿ ಕಲ್ಲು ಕೊರೆಯುವವನ ಮುಂದೆ ನಾಲ್ಕನೆಯ ಸಾಲಿಗೆ ನಾನು ಅಡ್ಡಿ ಮಾಡಿದ್ದೆ. "ಅದು ನಿನ್ನ ಕೆಲಸ, ಮನಿ ಕೆಲಸ ಅಲ್ಲ. ಕಲ್ಲಿನ ಮ್ಯಾಲ ಯಾಕ?"

"ಕಲ್ಲಿನ ಮ್ಯಾಲ ಇದ್ರ ಮಂದಿ ಬರ್ತಾರ. ಬಂದವ್ರಾಗ ಒಬ್ಬರಿಗಾದ್ರೂ ಕಲಸ್ತೀನಿ. ನಿನಗಂತೂ ಕಲಸೋದು ಆಗಂಗಿಲ್ಲ, ನೀ ಚಹಾ ಕುಡಿಯವ."

ಅವನು ಹೋದ ಮೇಲೆ ಹನ್ನೊಂದು ದಿನ ಅವನ ಮನೆಗೆ ಜನ ಬಂದರು. ಓಣಿಯವರು ಸರದಿ ಹಿಡಿದು ರೊಟ್ಟಿ ಪಲ್ಯೆ ತಂದರು. ಹಾಗೆ ತರಬೇಕಾದದ್ದೇ. ಆದರೆ ಗೆಳೆಯನಿಗೆ ಯಾರೂ ಬುತ್ತಿ ತರುವುದಿಲ್ಲ. ಗೆಳೆಯ ಇಷ್ಟು ದಿನ ಹೀಗೆ ಇರಬೇಕೆಂಬ ಪದ್ಧತಿಯೂ ಇಲ್ಲ. ಅವನ ಮನೆಯ ಮುಂದೆ ಕುರ್ಚಿ ಹಾಕಿ, ಬಂದವರಿಗೆ ನೀರು ಕೊಟ್ಟು, ಹೊತ್ತಾದ ಮೇಲೆ ನಾನು ನನ್ನ ಮನೆಗೆ ಹೋಗಿ ಉಣ್ಣುತ್ತಿದ್ದೆ. ನನ್ನ ಹೆಂಡತಿ ಕೇಳುವುದಕ್ಕೂ ಹಿಂಜರಿದು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ನಾನು ತಿನ್ನುತ್ತಿದ್ದೆ. ಹಸಿವೆಯಾಗುತ್ತಿತ್ತು, ಅದೇ ನನಗೆ ನಾಚಿಕೆ.

ಹನ್ನೆರಡನೆಯ ದಿನ ಕಾಶಮ್ಮ ವೈನಿ, ಶರಣಪ್ಪನ ಹೆಂಡತಿ, ನನ್ನನ್ನು ಕರೆದು ಗೋದಾಮಿನ ಕೀಲಿ ಕೊಟ್ಟರು. "ಮಲ್ಲಣ್ಣ, ಬಾಗಿಲ ಮುಚ್ಚಿಡಬ್ಯಾಡ್ರಿ. ಇವರು ಕೂತು ಕೂಗಿ ಕರೀತಿದ್ದರು, ಮಂದಿ ಬರ್ತಿದ್ದರು. ಇನ್ನ ಕರಿಯೋರು ಇಲ್ಲ. ಬೋರ್ಡರೆ ಹಚ್ರಿ. ಇಲ್ದಿದ್ರ ಎರಡು ತಿಂಗಳಿಗಿ ಮತ್ತ ತೊಗರಿ ಗೋದಾಮ ಆಗ್ತದ."

ನಾನು ಡ್ರಿಲ್ ಮಷಿನ್ ತರಿಸಿದೆ. ಅದರ ಸದ್ದು ಗೋಡೆಗಿಂತ ಮೊದಲು ಮನೆಯೊಡತಿಯ ಕಿವಿಗೆ ತಾಗಿತು.

ಕಟ್ಟಡ ಎದುರು ಮನೆಯ ಮಹಬೂಬ್ ಬೀ ಅವರದ್ದು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತೇವೆ. ಎಪ್ಪತ್ತು ದಾಟಿದವರು. ಕೈಯಲ್ಲಿ ಅಡಕತ್ತರಿ ಹಿಡಿದೇ ರಸ್ತೆ ದಾಟಿ ಬಂದರು.

"ಏ ಮಲ್ಲಪ್ಪ, ಠೈರೋ, ನಿಂದ್ರು! ಏನು ಕೂಡ್ಸಾಕತ್ತಿ?"

"ಬೋರ್ಡ್ ಖಾಲಾ."

"ಬೋರ್ಡ್ ಅಂದ್ರ ತಗಡು. ಇದು ಫತ್ತರ್ ಅದ. ಬಾಗಲ ಮ್ಯಾಲ ಕಲ್ಲು ಕೂಡ್ಸಾದು ಮನಿ ಕಟ್ಟಿದವರು. ಬಾಡಗಿ ಇರೋರು ಕ್ಯಾಲೆಂಡರ್ ಹಾಕ್ತಾರ. ನಾಳಿ ನಾ ಸತ್ತ ಮ್ಯಾಲ ನನ್ನ ಮಕ್ಕಳು ಬಂದು, ಇದು ಯಾರ ಮನಿ ಅಂತ ಕೇಳಿದ್ರ, ಕಲ್ಲು ಏನ್ ಹೇಳ್ತದ? ಊರ ಮನಿ ಅಂತದ!"

ನಾನು ಕರಾರು ಪತ್ರದ ಮಾತೆತ್ತಿದೆ. "ಕಾಗದಕ್ಕ ಹುಳ ಹತ್ತತದ, ಕಲ್ಲಿಗಿ ಏನ್ ಹತ್ತತದ?" ಅಂದರು. ನಾನು ಡ್ರಿಲ್ ಮಷಿನ್ ಕೆಳಗಿಟ್ಟೆ.

ಆ ಮೇಲೆ ಅವರು ಕಲ್ಲಿನ ಹತ್ತಿರ ಬಗ್ಗಿದರು. ಬೆರಳಿನಿಂದ ಅಕ್ಷರದ ಗುಂಡಿಗಳನ್ನು ಮುಟ್ಟಿದರು. "ಇದು ಶರಣಪ್ಪ ತಂದದ್ದಾ?" ಅಂದರು. ಹೌದೆಂದೆ. "ನನ್ನ ಗೋಡಿಗಿ ತೂತ ಬ್ಯಾಡ. ಹೊರಗ ಕಟ್ಟಿ ಮ್ಯಾಲ ಇಡು, ಗೋಡಿಗಿ ಆನಿಸಿ. ಕುಂತದ್ದು ಎದ್ದು ಹೋಗ್ತದ. ಹೊಕ್ಕಿದ್ದು ಹೋಗಂಗಿಲ್ಲ." ಹೀಗೆ ಬೋರ್ಡು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮುದುಕನ ಹಾಗೆ ಬೆನ್ನು ಆನಿಸಿ ಕುಳಿತುಕೊಂಡಿತು. ತಿರುವಿನ ಚಹಾದಂಗಡಿಯ ಕಂಬಕ್ಕೆ ರಟ್ಟಿನ ಮೇಲೆ ಬಾಣ ಬರೆದು ಕಟ್ಟಿದೆ. ಒಳಗೆ 'ತೆಗೆದದ್ದನ್ನು ತೆಗೆದಲ್ಲೇ ಇಡಿ' ಎಂದು ಬರೆದು ಅಂಟಿಸಿದೆ. ಅದು ಶರಣಪ್ಪ ದಿನಕ್ಕೆ ಹತ್ತು ಸಲ ಒದರುತ್ತಿದ್ದ ಮಾತು. ಬರೆದಾಗ ಬಹಳ ಮೆತ್ತಗೆ ಕಂಡಿತು.

ಉಳಿದದ್ದು ನಾಲ್ಕನೆಯ ಸಾಲು. ಗರಗಸ ಹದ ಮಾಡುವವನು ಇಲ್ಲ, ಹದ ಮಾಡಿ ಕೊಡಲಾಗುವುದು ಎಂದು ಕಲ್ಲು ಹೇಳುತ್ತಿದೆ. ವೈನಿಯನ್ನು ಕೇಳಿದೆ. ಅವರು ಅಳಲಿಲ್ಲ. "ಸುಳ್ಳು ಯಾಕ ಇರಬೇಕ್ರಿ? ಆ ಸಾಲು ತೆಗಸಿಬಿಡ್ರಿ," ಅಂದರು. ಕೊರೆದವನಿಗೆ ಫೋನ್ ಮಾಡಿದೆ. ಕೆಳಗಿನ ಪಟ್ಟಿ ಕತ್ತರಿಸಿ ತೆಗೆದರೆ ಆಯಿತು, ಅರ್ಧ ತಾಸಿನ ಕೆಲಸ, ಕಲ್ಲು ತನ್ನಿ ಅಂದ. ನಾಳೆ ತರುತ್ತೇನೆ ಅಂದೆ. ನಾಳೆ ನಾಳೆ ಎನ್ನುತ್ತಾ ಮೂರು ವಾರ ಕಳೆದೆ. ವೈನಿ ಸುಳ್ಳು ಅಂದದ್ದು ನಿಜ. ಆದರೆ ಆ ಸಾಲನ್ನು ಕತ್ತರಿಸುವ ಚಕ್ರದ ಮುಂದೆ ನಾನು ನಿಲ್ಲಲಾರೆ ಎಂಬುದೂ ಅಷ್ಟೇ ನಿಜ.

ಕೊನೆಗೆ ಜವಾನನ ಬುದ್ಧಿ ಓಡಿಸಿದೆ. ಕಟ್ಟೆಯ ಕೆಳಗೆ ಇಟ್ಟಿಗೆ ಬಿದ್ದಿದ್ದವು. ನಾಲ್ಕು ಇಟ್ಟಿಗೆಯನ್ನು ಕಲ್ಲಿನ ಮುಂದೆ ಸಾಲಾಗಿ ಜೋಡಿಸಿದೆ. ಕೊನೆಯ ಸಾಲು ಪೂರ್ತಿ ಮುಚ್ಚಿತು. ನೋಡಿದವರಿಗೆ ಕಲ್ಲು ಜಾರದಿರಲಿ ಎಂದು ಇಟ್ಟಂತೆ ಕಾಣುತ್ತಿತ್ತು. ಸುಳ್ಳೂ ಇಲ್ಲ, ಕತ್ತರಿಸಿದ್ದೂ ಇಲ್ಲ. ಇಷ್ಟು ಚಂದದ ಉಪಾಯ ನನಗೆ ಹೊಳೆದದ್ದನ್ನು ಶರಣಪ್ಪನಿಗೆ ಹೇಳಬೇಕು ಅನಿಸಿತು. ಕಾಲುಗಳು ಒಳಗೆ ಎರಡು ಹೆಜ್ಜೆ ಇಟ್ಟೂ ಬಿಟ್ಟಿದ್ದವು.

ಇಟ್ಟಿಗೆ ಖಾಲಾ ಅವರವು. ಒಂದು ವಾರದ ಮೇಲೆ ಅವರು ಬಚ್ಚಲಿನ ಮೆಟ್ಟಿಲು ಕಟ್ಟಿಸಲು ಗೌಂಡಿಯನ್ನು ಕರೆಸಿ, ತಮ್ಮ ಇಟ್ಟಿಗೆ ಎಣಿಸಿ, ನಾಲ್ಕು ಕಡಿಮೆ ಬಂದದ್ದು ಕಂಡು, ಕಟ್ಟೆಯ ಮೇಲಿಂದ ಎತ್ತಿಕೊಂಡು ಹೋಗಿದ್ದರು. ನಾನು ಆ ದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬಗಲಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಗರಗಸ.

"ಇದು ಹದ ಮಾಡಿ ಕೊಡ್ತೀರಂತಲ್ರಿ? ಕಲ್ಲಿನ ಮ್ಯಾಲ ಅದ. ನಮ್ಮ ಊರಾಗ ಈ ಕೆಲಸ ಮಾಡೋರು ಯಾರೂ ಉಳದಿಲ್ರಿ."

ಸೇಡಂ ಕಡೆಯ ಮುಧೋಳದ ಬಡಿಗ, ಹೆಸರು ಹಣಮಂತ. ಎರಡು ಬಸ್ಸು ಬದಲಿಸಿ ಬೇರೆ ಕೆಲಸಕ್ಕೆ ಬಂದವನು ಕಳೆದ ಸಲ ಬೋರ್ಡು ನೋಡಿದ್ದನಂತೆ, ಇಟ್ಟಿಗೆ ಇಡುವ ಮೊದಲು. ಈ ಸಲ ಗರಗಸ ಹಿಡಿದೇ ಬಂದಿದ್ದ. 'ಮಾಡುವವನು ಇಲ್ಲ' ಎಂಬ ಎರಡೇ ಮಾತು ನನ್ನ ಬಾಯಿಂದ ಬರಬೇಕಿತ್ತು. ಬಂದದ್ದು ಬೇರೆ.

"ಬಿಟ್ಟು ಹೋಗ್ರಿ. ಬರೋ ಗುರುವಾರ ಬರ್ರಿ."

ನಾಲ್ಕು ದಿನ ನಾನು ಆ ಗರಗಸದ ಜೊತೆ ಕುಳಿತೆ. ಶರಣಪ್ಪನ ಮೂರು ಕಾಲಿನ ಮಣೆಗೆ ಬಿಗಿದು, ಅವನ ಅರದಿಂದಲೇ ಹಲ್ಲು ಉಜ್ಜಿದೆ. ಅವನು ಬಳಸುತ್ತಿದ್ದ ಸಣ್ಣ ಇಕ್ಕಳದಿಂದ ಒಂದೊಂದೇ ಬಾಗಿಸಿದೆ. ನಲವತ್ತು ವರ್ಷದ ಗೆಳೆತನದಲ್ಲಿ ಎಷ್ಟೋ ಸಲ ಪಕ್ಕದಲ್ಲಿ ಕುಳಿತು ನೋಡಿದವನು ನಾನು. ನೋಡಿದ್ದು ಏನೆಂದರೆ ಅವನ ಮುಖ, ಅವನ ಬಾಯಿ, ಅವನ ಹಾಸ್ಯ. ಕೈ ಏನು ಮಾಡುತ್ತಿತ್ತು ಎಂಬುದನ್ನು ಒಂದು ದಿನವೂ ನೋಡಿರಲಿಲ್ಲ. ಹೆಬ್ಬೆರಳು ಎಳೆದು ನೋಡಿದೆ. ರಕ್ತ ಬಂತು, ಮತ್ತೇನೂ ಬರಲಿಲ್ಲ.

ಗುರುವಾರ ಹಣಮಂತ ಬಂದು ಒಂದು ಹಲಗೆಯ ಮೇಲೆ ಗರಗಸ ಎಳೆದ. ಗೆರೆಯ ಮೇಲೆ ನಾಲ್ಕು ಬೆರಳಷ್ಟು ದೂರ ಓಡಿ, ಆ ಮೇಲೆ ಎಡಕ್ಕೆ ಹೊರಳಿತು. ಮತ್ತೆ ಎಳೆದ. ಮತ್ತೆ ಎಡಕ್ಕೆ.

"ಯಾರ್ ಮಾಡಿದ್ರಿ ಇದು?" ಅಂದ.

"ನಾನೇ."

"ನೀವು ಬಡಿಗ್ಯಾರಾ?"

"ಅಲ್ರಿ. ಸಾಲ್ಯಾಗ ಗಂಟಿ ಹೊಡಿಯವ."

ಅವನು ನಗಬಹುದೆಂದುಕೊಂಡೆ, ಬೈದರೂ ಸರಿಯೆಂದುಕೊಂಡೆ. ಎರಡೂ ಮಾಡಲಿಲ್ಲ. ನಾನು ಎಲ್ಲ ಹೇಳಿದೆ. ಶರಣಪ್ಪನ ವಿಷಯ, ಬಸ್ಸಿನ ವಿಷಯ, ಇಟ್ಟಿಗೆಯ ವಿಷಯ. ಶರಣಪ್ಪ ಹೋದ ಮೇಲೆ ಅವನ ಬಗ್ಗೆ ಯಾರೊಂದಿಗೂ ಅಷ್ಟು ಮಾತಾಡಿರಲಿಲ್ಲ. ಗುರುತಿಲ್ಲದ ಮನುಷ್ಯ, ಬಾಗಿಲ ಹೊಸ್ತಿಲ ಮೇಲೆ ಕುಳಿತು, ಗರಗಸ ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ.

"ಮೊದಲೇ ಹೇಳಬಾರದಾ ಅಣ್ಣಾ," ಅಂದ ಆ ಮೇಲೆ. "ಇರ್ಲಿ. ಹಲ್ಲು ಚೂಪು ಚಲೋ ಮಾಡೀರಿ, ಖರೇ ಹೇಳ್ತೀನಿ. ಬಾಗಿಸಿದ್ದು ತಪ್ಪು ಅದ. ಅದು ನನಗೂ ಬರಂಗಿಲ್ಲ." ಎದ್ದು, ಗರಗಸವನ್ನು ಒಯ್ಯದೆ ಗೋಡೆಯ ಗೂಟಕ್ಕೆ ತಾನೇ ತೂಗು ಹಾಕಿದ. "ನನ್ನ ಹತ್ರ ಇನ್ನೊಂದು ಅದ. ಇದರ ಮ್ಯಾಲ ಕೈ ಕೂಡ್ಸ್ರಿ. ಇದಕ್ಕಿಂತ ಕೆಡಸ್ಲಿಕ್ಕಂತೂ ಆಗಂಗಿಲ್ಲ."

ಆ ಸಾಲನ್ನು ನಾನು ಮತ್ತೆ ಮುಚ್ಚಲಿಲ್ಲ, ಕತ್ತರಿಸಲೂ ಒಯ್ಯಲಿಲ್ಲ. ಗರಗಸ ಹಿಡಿದು ಬಂದವರಿಗೆ ಮೊದಲೇ ಹೇಳುತ್ತೇನೆ, ಮಾಡುವವನು ತೀರಿಕೊಂಡಿದ್ದಾನೆ, ನಾನು ಕಲಿಯುತ್ತಿದ್ದೇನೆ ಎಂದು. ಕೆಲವರು ಹಾಗೇ ಹೋಗುತ್ತಾರೆ. ಆಡಕಿ ಎಂಬ ಹಳ್ಳಿಯಿಂದ ಬಂದ ಇಬ್ಬರು ಗರಗಸ ಬಿಟ್ಟು ಹೋದರು. ವೈನಿ ಸಂಜೆಗೊಮ್ಮೆ ಬಂದು ಒಳಗಿನ ಕಸ ಹೊಡೆದು ಹೋಗುತ್ತಾರೆ. ನನ್ನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ನೋಡುತ್ತಾರೆ. ಕರಾರು ಇನ್ನೊಂದು ಹನ್ನೊಂದು ತಿಂಗಳಿಗೆ ಮುಂದುವರಿದಿದೆ.

ಹಲ್ಲು ಚೂಪು ಮಾಡುವುದು ಈಗ ನನಗೆ ಬರುತ್ತದೆ. ಎಷ್ಟು ಬಾಗಿಸಬೇಕೆಂಬುದು ಇನ್ನೂ ಬಂದಿಲ್ಲ. ಅದನ್ನು ಹೇಳಿಕೊಡುವವರು ಈ ಸುತ್ತಮುತ್ತ ನನಗೆ ಸಿಕ್ಕಿಲ್ಲ.